ಮದರಂಗಿ ಯಾರ ಕೈಗೆ?

ಪ್ರಶ್ನೆ: ಮುಂದಿನ ತಿಂಗಳು ನನ್ನ ಒಬ್ಬಳೇ ಮಗಳ ಮದುವೆ. ನಮ್ಮ ಮೂಲ ಉಡುಪಿ ಕಡೆ, ಈಗ 28 ವರ್ಷದಿಂದ ಬೆಂಗಳೂರಿನಲ್ಲಿದ್ದೇವೆ. ನನ್ನ ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಧಾರೆಗೆ ಮೈದುನ ಮತ್ತು ಓರಗಿತ್ತಿ ಕೂರುತ್ತಾರೆ, ಅದಕ್ಕೆ ನನ್ನ ತಕರಾರು ಏನೂ ಇಲ್ಲ. ಮದುವೆಯ ಹಿಂದಿನ ಸಂಜೆ ನಮ್ಮಲ್ಲಿ ಮದರಂಗಿ. ‘ಮೊದಲ ಬೊಟ್ಟು ಅಮ್ಮನೇ ಇಡಬೇಕು, ನಾನೂ ಅಮ್ಮನ ಕೈಗೆ ಹಚ್ಚುತ್ತೇನೆ’ ಅಂತ ಮಗಳ ಹಟ. ಬೀಗರ ಮನೆಯ ಹಿರಿಯರೊಬ್ಬರು ಫೋನಿನಲ್ಲಿ ನಯವಾಗಿಯೇ, ‘ಶುಭಕಾರ್ಯ ನೋಡಿ, ನೀವು ಹಚ್ಚುವುದೂ ಬೇಡ, ಹಚ್ಚಿಕೊಳ್ಳುವುದೂ ಬೇಡ, ಸೋದರತ್ತೆ ಹಚ್ಚಲಿ’ ಅಂದರು. ಪುರೋಹಿತರನ್ನು ಕೇಳಿದರೆ ‘ಅದಕ್ಕೆ ಮಂತ್ರ ಇಲ್ಲ, ನಿಮ್ಮ ನಿಮ್ಮ ಸಂಪ್ರದಾಯ’ ಎಂದು ಸುಮ್ಮನಾದರು. ಊರಿನ ಮನೆಯಲ್ಲಿ ವಿಧವೆಯಾಗಿದ್ದ ನಮ್ಮ ದೊಡ್ಡಮ್ಮ ಮದರಂಗಿ ಅರೆದು ಕೊಡುತ್ತಿದ್ದರು, ತಾವು ಹಚ್ಚಿಕೊಳ್ಳುತ್ತಿರಲಿಲ್ಲ. ಶಾಸ್ತ್ರ ಏನು ಹೇಳುತ್ತದೆ? ಮಗಳ ಸುಖಕ್ಕಾಗಿ ನಾನೇ ಹಿಂದೆ ಸರಿದರೆ ಅದು ತ್ಯಾಗವಲ್ಲವೇ?

– ಹೆಸರು ಬೇಡ, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಶಾಸ್ತ್ರ ಏನು ಹೇಳುತ್ತದೆ ಎಂಬುದಕ್ಕೆ ಉತ್ತರ ಸುಲಭ. ಕೊನೆಯ ಸಾಲಿನಲ್ಲಿ ಕೇಳಿದ್ದೀರಲ್ಲ, ಅದು ಕಷ್ಟದ್ದು. ಸುಲಭದ್ದನ್ನು ಮೊದಲು ಮುಗಿಸೋಣ.

ಮದುವೆಯಲ್ಲಿ ಶಾಸ್ತ್ರೋಕ್ತ ಎಂದು ನಾವು ಕರೆಯುವುದು ಗೃಹ್ಯಸೂತ್ರಗಳು ಹೇಳಿದ ಕರ್ಮಗಳನ್ನು. ಪಾಣಿಗ್ರಹಣ, ಲಾಜಾಹೋಮ, ಕಲ್ಲು ತುಳಿಸುವ ಅಶ್ಮಾರೋಹಣ, ಸಪ್ತಪದಿ, ರಾತ್ರಿ ಧ್ರುವ ನಕ್ಷತ್ರವನ್ನೂ ಅರುಂಧತಿಯನ್ನೂ ತೋರಿಸುವುದು. ಈ ಪಟ್ಟಿಯಲ್ಲಿ ಮದರಂಗಿ ಇಲ್ಲ. ಸಂಕಲ್ಪವಿಲ್ಲ, ಮಂತ್ರವಿಲ್ಲ, ಹಚ್ಚದಿದ್ದರೆ ಪ್ರಾಯಶ್ಚಿತ್ತವೂ ಇಲ್ಲ. ಕಾಳಿದಾಸನ ಕಾವ್ಯದಲ್ಲಿ ಹೆಣ್ಣುಮಕ್ಕಳ ಪಾದದ ಕೆಂಪು ಬರುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಅರಗಿನಿಂದ ತೆಗೆದ ಬಣ್ಣ, ಅಲಕ್ತಕ. ನಮ್ಮ ಮದರಂಗಿ ಸೊಪ್ಪಿಗೆ ಆಯುರ್ವೇದದಲ್ಲಿ ಮದಯಂತಿಕಾ ಎಂಬ ಹೆಸರುಂಟು, ಆದರೆ ಅಲ್ಲಿ ಅದು ಔಷಧಿಯ ಗಿಡ.

ಹಾಗಾದರೆ ಶಾಸ್ತ್ರದಲ್ಲಿ ಇಲ್ಲದ್ದಕ್ಕೆ ಬೆಲೆಯೇ ಇಲ್ಲವೇ? ಹಾಗಲ್ಲ. ಆಶ್ವಲಾಯನ ಗೃಹ್ಯಸೂತ್ರ ಮದುವೆಯ ವಿಧಿಗಳನ್ನು ಹೇಳಲು ತೊಡಗುವಾಗಲೇ ಒಂದು ಮಾತು ಹೇಳಿಬಿಡುತ್ತದೆ: ನಾಡಿನ ಆಚಾರ, ಊರಿನ ಆಚಾರ ನಾನಾ ಬಗೆ, ಮದುವೆಯಲ್ಲಿ ಅವುಗಳಂತೆ ನಡೆಯಬೇಕು, ಎಲ್ಲ ಕಡೆಗೂ ಸಮಾನವಾದದ್ದನ್ನು ಮಾತ್ರ ತಾನು ಹೇಳುತ್ತೇನೆ ಅಂತ. ಆಪಸ್ತಂಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮದುವೆಯ ಇಂಥ ಆಚಾರಗಳನ್ನು ಹೆಂಗಸರನ್ನು ಕೇಳಿ ತಿಳಿದುಕೊಳ್ಳಿ ಎನ್ನುತ್ತಾರೆ. ಸೂತ್ರಕಾರರು ತಾವೇ ಬಿಟ್ಟುಕೊಟ್ಟ ಜಾಗ ಇದು. ಆದ್ದರಿಂದ ನಿಮ್ಮ ಪುರೋಹಿತರು ಹೇಳಿದ್ದು ಸರಿಯೇ. ಇನ್ನೆರಡು ಮಾತು ಸೇರಿಸಿದ್ದರೆ ನಿಮ್ಮ ಎರಡು ವಾರದ ನಿದ್ದೆ ಉಳಿಯುತ್ತಿತ್ತೋ ಏನೋ.

ಈಗ ನೋಡಿ, ಊರಿನ ಆಚಾರ ಅಂದರೆ ಯಾವ ಊರಿನದು? ಮದರಂಗಿಯ ಸಂಜೆ ಹೆಣ್ಣಿನ ಮನೆಯದು, ನಿಮ್ಮ ಕರಾವಳಿಯದು. ತುಳುನಾಡಿನಲ್ಲಿ ಮದುವೆಯ ಮುಂಚಿನ ಸಂಜೆಗೆ ಮದರಂಗಿ ಎಂದೇ ಹೆಸರು. ನೆಂಟರು, ನೆರೆಯವರು ಎಲ್ಲ ಸೇರುತ್ತಾರೆ. ಬೆಂಗಳೂರಿನಲ್ಲಿ ಈಗ ಮೆಹಂದಿ ಫಂಕ್ಷನ್ ಅಂತ ನಡೆಯುವುದು ಉತ್ತರದ ಮದುವೆಗಳನ್ನು ನೋಡಿ ಬಂದದ್ದು, ಕೋನಿನಿಂದ ಬಳ್ಳಿ, ನವಿಲು ಬಿಡಿಸುವ ಬಗೆಯೂ ಅದರ ಜೊತೆಗೇ ಬಂತು. ನಿಮ್ಮ ಅಜ್ಜಿಯ ಕಾಲದ ಮದರಂಗಿಯಲ್ಲಿ ಚಿತ್ರವೇ ಇರಲಿಲ್ಲ, ಅಂಗೈ ನಡುವೆ ದೊಡ್ಡ ಬೊಟ್ಟು, ಬೆರಳ ತುದಿಗಳಿಗೆ ಟೊಪ್ಪಿ ಹಾಕಿದಂತೆ ಒಂದಿಷ್ಟು. ಬೀಗರ ಮನೆಯಲ್ಲಿ ಹೀಗೊಂದು ಸಂಪ್ರದಾಯವಿದ್ದು, ಅವರ ಮನೆಯಂಗಳದಲ್ಲಿ ಅದು ನಡೆಯುವುದಾದರೆ ಅವರ ಕ್ರಮವನ್ನು ನೀವು ಗೌರವಿಸಬೇಕು. ಇಲ್ಲಿ ಹಾಗಿಲ್ಲ. ನಿಮ್ಮ ಮನೆಯ ಆಚಾರಕ್ಕೆ ಇನ್ನೊಂದು ಮನೆಯವರು ನಿಯಮ ಹೇಳುತ್ತಿದ್ದಾರೆ.

ಇನ್ನು ಮದರಂಗಿ ಮುತ್ತೈದೆತನದ ಗುರುತೇ ಎಂಬ ಮಾತು. ಅರಿಶಿನ, ಕುಂಕುಮ, ಬಳೆ, ಹೂವು, ಕರಿಮಣಿ, ಕಾಲುಂಗುರ, ಇವನ್ನು ಮುತ್ತೈದೆಯ ಗುರುತು ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರೆ. (ಇವುಗಳಲ್ಲೂ ಕುಂಕುಮ, ಬಳೆ, ಹೂವು ಹುಟ್ಟಿದಾಗಿನಿಂದ ಹೆಣ್ಣುಮಗುವಿಗೆ ಇರುವಂಥವು, ಗಂಡನಿಂದ ಬಂದವಲ್ಲ. ಅದು ಬೇರೆ ಚರ್ಚೆ.) ಆ ಸಾಲಿನಲ್ಲಿ ಮದರಂಗಿಯನ್ನು ಯಾರೂ ಎಣಿಸುವುದಿಲ್ಲ. ಮದುವೆಯಾಗದ ಹುಡುಗಿಯರು ಹಚ್ಚಿಕೊಳ್ಳುತ್ತಾರೆ, ಶಾಲೆಯ ಮಕ್ಕಳು ಹಚ್ಚಿಕೊಳ್ಳುತ್ತಾರೆ, ಎಷ್ಟೋ ಕಡೆ ಮದುಮಗನಿಗೂ ಹಚ್ಚುತ್ತಾರೆ. ಆಂಧ್ರ, ತೆಲಂಗಾಣದಲ್ಲಿ ಆಷಾಢದಲ್ಲಿ ಗೋರಿಂಟಾಕು ಹಚ್ಚಿಕೊಳ್ಳುವುದು ವಾಡಿಕೆ, ಅದು ಮದುವೆಗಳೇ ನಡೆಯದ ತಿಂಗಳು. ಈದ್ ಹಬ್ಬದ ಹಿಂದಿನ ರಾತ್ರಿ ಮುಸ್ಲಿಮರ ಮನೆಗಳಲ್ಲಿ ಹಚ್ಚಿಕೊಳ್ಳುತ್ತಾರೆ, ಕೇರಳದ ಮಾಪಿಳ್ಳೆಯರ ಮದುವೆಯಲ್ಲಿ ಮೈಲಾಂಚಿ ಉಂಟು, ಈಜಿಪ್ಟಿನ ಪ್ರಾಚೀನ ಮಮ್ಮಿಗಳಲ್ಲೂ ಈ ಬಣ್ಣ ಸಿಕ್ಕಿದೆ. ಇಷ್ಟು ಜನರ ಕೈ ದಾಟಿ ಬಂದ ಸೊಪ್ಪಿಗೆ ಒಂದು ಮನೆತನದ ಬೀಗ ಜಡಿಯುವುದು ಕಷ್ಟ. ಇನ್ನೊಂದು ತಮಾಷೆ ನೋಡಿ. ಇದೇ ಸೊಪ್ಪಿನ ಪುಡಿಯನ್ನು ವಿಧವೆಯಾದ ಅಜ್ಜಿ ಬಿಳಿಕೂದಲಿಗೆ ಮೆತ್ತಿಕೊಂಡು ಭಾನುವಾರ ಬಿಸಿಲಿಗೆ ಕೂತರೆ ಯಾರೂ ಒಂದು ಮಾತಾಡುವುದಿಲ್ಲ. ತಲೆಗೆ ಹಚ್ಚಿದರೆ ಆರೋಗ್ಯ, ಅಂಗೈಗೆ ಹಚ್ಚಿದರೆ ಅಪಶಕುನ!

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ದೊಡ್ಡಮ್ಮನ ವಿಷಯ. ಅರೆದು ಕೊಡುತ್ತಿದ್ದರು, ಹಚ್ಚಿಕೊಳ್ಳುತ್ತಿರಲಿಲ್ಲ ಅಂತ ಬರೆದಿದ್ದೀರಿ. ಸ್ವಲ್ಪ ನೆನಪು ಮಾಡಿಕೊಳ್ಳಿ. ಹಸಿ ಮದರಂಗಿ ಸೊಪ್ಪನ್ನು ಬುಟ್ಟಿಗಟ್ಟಲೆ ಕಿತ್ತು, ಕಡ್ಡಿ ಬಿಡಿಸಿ, ಅರೆಯುವ ಕಲ್ಲಿನ ಮೇಲೆ ಹಾಕಿ, ಕಾಚು, ನಿಂಬೆರಸ, ಚಹಾದ ಡಿಕಾಕ್ಷನ್ ಸೇರಿಸಿ ಬೆಣ್ಣೆಯಂತೆ ನುಣ್ಣಗೆ ಅರೆಯಬೇಕು. ಮತ್ತೆ ಮತ್ತೆ ಅಂಗೈಯಿಂದಲೇ ಬಳಿದು ಒಟ್ಟು ಮಾಡಬೇಕು. ಆ ಮಧ್ಯಾಹ್ನವೆಲ್ಲ ಹಾಗೆ ಕೂತವರ ಕೈ ಮಾರನೆಯ ದಿನ ಹೇಗಿರುತ್ತದೆ? ಮದುಮಗಳ ಕೈಗಿಂತ ಕೆಂಪಗೆ. ಚಿತ್ರವಿರುವುದಿಲ್ಲ ಅಷ್ಟೇ, ಅಂಗೈ ಪೂರ್ತಿ ಬಣ್ಣ. ಆ ಕೈಗಳನ್ನು ಮನೆಯವರೆಲ್ಲ ನೋಡಿದ್ದಾರೆ. ಅದೇ ಕೈಯಿಂದ ಅವರು ಹಾಲು ಕಾಯಿಸಿದ್ದಾರೆ, ಮಕ್ಕಳಿಗೆ ಜಡೆ ಹಾಕಿದ್ದಾರೆ. ಯಾರಿಗೂ ಅಶುಭವಾಗಲಿಲ್ಲ. ಕೆಲಸ ಮಾಡಿ ಕೆಂಪಾದ ಕೈಗೆ ಅಡ್ಡಿಯಿರಲಿಲ್ಲ, ಪ್ರೀತಿಯಿಂದ ಯಾರೋ ಹಿಡಿದು ಹಚ್ಚಿ ಕೆಂಪಾಗಿಸುವುದಕ್ಕೆ ಮಾತ್ರ ಅಡ್ಡಿ. ನಿಷೇಧವಿದ್ದದ್ದು ಬಣ್ಣಕ್ಕಲ್ಲ, ಕೈ ಹಿಡಿಯುವುದಕ್ಕೆ. ಮದರಂಗಿಯ ಹುರುಳೆಲ್ಲ ಇರುವುದೂ ಅಲ್ಲೇ. ಹಚ್ಚಿಸಿಕೊಂಡವರಿಗೆ ಒಂದು ರಾತ್ರಿ ಯಾವ ಕೆಲಸವೂ ಮಾಡಲಾಗುವುದಿಲ್ಲ. ಯಾರಾದರೂ ಬಾಯಿಗೆ ತುತ್ತಿಡಬೇಕು, ನೀರು ಕುಡಿಸಬೇಕು. ವರ್ಷವಿಡೀ ಬೇರೆಯವರಿಗೆ ಬಡಿಸುವ ಕೈಗೆ ಒಂದು ರಾತ್ರಿಯ ರಜೆ. ದೊಡ್ಡಮ್ಮನಿಗೆ ಸಿಗದೇ ಹೋದದ್ದು ಅದು.

ಇಷ್ಟು ಹೇಳಿ ಸ್ಮೃತಿ ಪುರಾಣಗಳಲ್ಲಿ ವಿಧವೆಯರ ಬಗ್ಗೆ ಏನೂ ಇಲ್ಲ ಎಂದರೆ ಅದು ಸುಳ್ಳಾಗುತ್ತದೆ. ಇದೆ. ಅಲಂಕಾರ, ಸುಗಂಧ, ತಾಂಬೂಲ ಬೇಡ, ದಿನಕ್ಕೊಂದೇ ಊಟ, ನೆಲದ ಮೇಲೆ ಮಲಗಬೇಕು, ಕೇಶಮುಂಡನ ಆಗಬೇಕು ಎನ್ನುವ ಭಾಗಗಳಿವೆ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ 1976ರಲ್ಲಿ ಬಂತು. ಅದನ್ನು ಓದಿದವರಿಗೆ ಆ ಬದುಕು ಹೇಗಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಬೀಗರ ಮನೆಯವರನ್ನು ಕೇಳಿ, ಅವರಲ್ಲಿ ಯಾರಾದರೂ ಇಂದು ಮನೆಯ ಹೆಣ್ಣುಮಗಳೊಬ್ಬಳಿಗೆ ಮುಂಡನ ಮಾಡಿಸುತ್ತಾರೆಯೇ? ಹಾಗೆ ಹೇಳಿದವರನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಕ್ಕಿಲ್ಲ. ಅಂದರೆ ಆ ನಿಯಮಗಳಲ್ಲಿ ಮುಕ್ಕಾಲು ಪಾಲನ್ನು ನಮ್ಮ ಮನೆಗಳೇ ಸದ್ದಿಲ್ಲದೆ ಬಿಟ್ಟಿವೆ, ಧರ್ಮ ಮುಳುಗಲಿಲ್ಲ. ಉಳಿದಿರುವುದು ಹೇಳುವವರಿಗೆ ಖರ್ಚಿಲ್ಲದ, ಕೇಳುವವರಿಗೆ ಮಾತ್ರ ಚುಚ್ಚುವ ಇಂಥ ಸಣ್ಣಪುಟ್ಟ ಬೇಡಗಳು. ನಿಮ್ಮ ಕರಾವಳಿಯ ಉದಾಹರಣೆಯನ್ನೇ ಕೊಡುವುದಾದರೆ, ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ನೇಮಿಸಿದರು. ದೇವರಿಗೆ ಆರತಿ ಎತ್ತುವ ಕೈಗೆ ಇಲ್ಲದ ಅಶುಭ ಮಗಳ ಅಂಗೈಗೆ ಬೊಟ್ಟಿಡುವಾಗ ಎಲ್ಲಿಂದ ಬರುತ್ತದೆ?

ಆದರೂ ನಿಮ್ಮ ಮನಸ್ಸಿನ ಮೂಲೆಯಲ್ಲಿ ಒಂದು ಭಯ ಇದೆ, ಪತ್ರದಲ್ಲಿ ಬರೆದಿಲ್ಲ ಅಷ್ಟೇ. ನಾಳೆ ಮಗಳ ಸಂಸಾರದಲ್ಲಿ ಏನಾದರೂ ಸಣ್ಣದು ಹೆಚ್ಚುಕಡಿಮೆಯಾದರೆ, ‘ಅವತ್ತೇ ಹೇಳಿದ್ದೆವು’ ಎನ್ನುತ್ತಾರಲ್ಲ. ಅದಕ್ಕಿಂತ ಹೆಚ್ಚಾಗಿ, ನಾನೇ ಹಾಗೆ ಅಂದುಕೊಂಡುಬಿಟ್ಟರೆ? ಈ ಭಯವನ್ನು ಮೂಢನಂಬಿಕೆ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಇಷ್ಟವಿಲ್ಲ. ತಾಯಿಯ ಭಯಕ್ಕೆ ಹಾಗೆ ಉತ್ತರ ಕೊಡಬಾರದು. ನಂಬಿಕೆಯ ಒಳಗೇ ನಿಂತು ನೋಡೋಣ. ನಾವು ಕರ್ಮಸಿದ್ಧಾಂತವನ್ನು ನಂಬುವವರು. ನಿಮ್ಮ ಯಜಮಾನರ ಆಯುಸ್ಸು ಅವರ ಕರ್ಮಕ್ಕೆ ಸೇರಿದ್ದು, ನಿಮ್ಮ ಮಗಳ ಸುಖದುಃಖ ಅವಳ ಕರ್ಮಕ್ಕೆ ಸೇರಿದ್ದು. ಒಬ್ಬರ ಕರ್ಮಫಲ ಇನ್ನೊಬ್ಬರ ಅಂಗೈಯಿಂದ ಸೊಪ್ಪಿನ ರಸದ ಮೂಲಕ ದಾಟಿಹೋಗುತ್ತದೆ ಎಂದರೆ ಆ ಸಿದ್ಧಾಂತಕ್ಕೇ ಅರ್ಥ ಉಳಿಯುವುದಿಲ್ಲ. ಗಂಡನನ್ನು ಕಳೆದುಕೊಂಡವಳೇ ಅದಕ್ಕೆ ಕಾರಣ ಎಂದು ಸೂಚಿಸುವ ಮಾತು ಯಾವ ಆಸ್ತಿಕರ ಬಾಯಲ್ಲೂ ಬರಬಾರದು, ಅದು ನಾಸ್ತಿಕತೆಗಿಂತ ಕೆಟ್ಟದ್ದು.

ಸೂತಕದ ಉದಾಹರಣೆ ತೆಗೆದುಕೊಳ್ಳಿ. ಸಾವಾದ ಮನೆಯಲ್ಲಿ ಇಷ್ಟು ದಿನ ಹಬ್ಬವಿಲ್ಲ, ಅಲಂಕಾರವಿಲ್ಲ ಅಂತ ಇದೆ. ಅದರಲ್ಲಿ ದೊಡ್ಡ ವಿವೇಕವಿದೆ, ದುಃಖಕ್ಕೆ ಸಮಯ ಬೇಕು. ಆದರೆ ಅದಕ್ಕೊಂದು ಕೊನೆಯ ದಿನವೂ ಇದೆ. ಅಂದು ಸ್ನಾನ, ಶುದ್ಧಿ, ಶುಭಸ್ವೀಕಾರ ಮಾಡಿಸಿ ಶಾಸ್ತ್ರವೇ ಕೈ ಹಿಡಿದು ಹೊರಗೆ ಕರೆತರುತ್ತದೆ. ಮಗನಿಗೆ, ತಮ್ಮನಿಗೆ, ಸೊಸೆಗೆ ಮುಗಿಯುವ ಸೂತಕ ಹೆಂಡತಿಗೆ ಮಾತ್ರ ಆರು ವರ್ಷವಾದರೂ ಮುಗಿದಿಲ್ಲ ಎಂದರೆ ಅದನ್ನು ಸೂತಕ ಅನ್ನುವುದಕ್ಕಾಗುವುದಿಲ್ಲ. ಹೆಂಡತಿಯನ್ನು ಕಳೆದುಕೊಂಡ ತಂದೆಯೂ ಧಾರೆಗೆ ಒಂಟಿಯಾಗಿ ಕೂರುವಂತಿಲ್ಲ ಅಂತ ಹಲವು ಮನೆಗಳಲ್ಲಿ ಕ್ರಮವಿದೆ, ಅದು ದಂಪತಿಗಳೇ ಮಾಡಬೇಕಾದ ಕರ್ಮ. ಅಷ್ಟನ್ನು ನೀವು ಒಪ್ಪಿ ಬಿಟ್ಟುಕೊಟ್ಟಿದ್ದೀರಿ, ಅದು ನಿಮ್ಮ ದೊಡ್ಡತನ. ಆದರೆ ಅಂಥ ತಂದೆ ಮಗಳ ತಲೆ ಸವರಿದರೆ ಅಪಶಕುನ ಅಂತ ಯಾರಾದರೂ ಅಂದದ್ದುಂಟೇ?

ಈಗ ಕಷ್ಟದ ಪ್ರಶ್ನೆ. ಹಿಂದೆ ಸರಿದರೆ ತ್ಯಾಗವಲ್ಲವೇ?

ಗೀತೆಯ 18ನೇ ಅಧ್ಯಾಯದ ಆರಂಭದಲ್ಲಿಯೇ ಅರ್ಜುನ ತ್ಯಾಗದ ತತ್ತ್ವವೇನು ಅಂತ ಕೇಳುತ್ತಾನೆ. ಶ್ರೀಕೃಷ್ಣ ತ್ಯಾಗವನ್ನು ಮೂರಾಗಿ ವಿಂಗಡಿಸುತ್ತಾನೆ. ಮಾಡಬೇಕಾದ ಕರ್ಮವನ್ನು ಮೋಹದಿಂದ ಬಿಡುವುದು ತಾಮಸ. ಕಷ್ಟವಾಗುತ್ತದೆ, ತೊಂದರೆಯಾಗುತ್ತದೆ ಎಂಬ ಭಯದಿಂದ ಬಿಡುವುದು ರಾಜಸ, ಹಾಗೆ ಬಿಟ್ಟವರಿಗೆ ತ್ಯಾಗದ ಫಲ ಸಿಗುವುದಿಲ್ಲ. ಸಾತ್ತ್ವಿಕ ತ್ಯಾಗ ಯಾವುದೆಂದರೆ, ಕರ್ಮವನ್ನು ಬಿಡದೆ ಮಾಡಿ, ಅದರ ಮೇಲಿನ ಆಸೆಯನ್ನೂ ಫಲವನ್ನೂ ಬಿಡುವುದು. ಗಮನಿಸಿ, ಅಲ್ಲಿ ಬಿಡಬೇಕಾದದ್ದು ಕೆಲಸವನ್ನಲ್ಲ. ಮಗಳನ್ನು ಹರಸುವುದು ತಾಯಿಯ ಕರ್ತವ್ಯ. ಯಾರು ಏನಂದಾರು ಎಂಬ ಅಂಜಿಕೆಯಿಂದ ಅದನ್ನು ಸೋದರತ್ತೆಗೆ ಒಪ್ಪಿಸಿ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವುದನ್ನು ತ್ಯಾಗ ಎಂದು ಕರೆದುಕೊಂಡರೆ ಮನಸ್ಸಿಗೆ ಸ್ವಲ್ಪ ಸಮಾಧಾನವಾಗಬಹುದು. ಹೆಸರು ಮಾತ್ರ ತಪ್ಪು. ನೀವು ಬಿಡಬಹುದಾದದ್ದು ಬೇರೆ ಇದೆ: ಬೀಗರು ಮೆಚ್ಚಬೇಕು ಎಂಬ ಆಸೆ, ಎಲ್ಲರೂ ಒಪ್ಪಿದ ಮೇಲೆಯೇ ಹಚ್ಚುತ್ತೇನೆ ಎಂಬ ಕಾಯುವಿಕೆ. ಅವನ್ನು ಬಿಟ್ಟು ಬೊಟ್ಟಿಡಿ. ಇನ್ನೂ ಒಂದು ಯೋಚನೆ ಮಾಡಿ. ಅಮ್ಮ ಬಾಗಿಲಲ್ಲಿ ನಿಂತದ್ದನ್ನು ನೋಡುತ್ತಾ ಹಚ್ಚಿಸಿಕೊಂಡ ಮಗಳು ಅದರಿಂದ ಏನು ಕಲಿಯುತ್ತಾಳೆ? ನೀವು ಯಾರ ಸುಖಕ್ಕಾಗಿ ಸರಿಯುತ್ತೇನೆ ಎನ್ನುತ್ತೀರೋ, ಅವಳೇ ನೀವು ಸರಿಯುವುದು ಬೇಡ ಎನ್ನುತ್ತಿದ್ದಾಳೆ.

ಈ ಪುಟವನ್ನು ನಿಮ್ಮ ಮಗಳೂ ಓದುತ್ತಾಳೆ ಅಂದುಕೊಂಡು ಅವಳಿಗೊಂದು ಮಾತು. ಮಗಳೇ, ನಿನ್ನ ಹಟ ಒಳ್ಳೆಯದೇ. ಆದರೆ ಅಮ್ಮನಿಗೆ ಮನಸಾರೆ ಇಷ್ಟವಿದೆಯೇ ಅಂತ ಒಮ್ಮೆ ಒಬ್ಬಳೇ ಕೂತು ಕೇಳು. ಅಪ್ಪನನ್ನು ನೆನೆದು ಅವರಿಗೇ ಬೇಡ ಅನ್ನಿಸಿದರೆ, ನೆಂಟರ ಎದುರು, ಫೋಟೋಗ್ರಾಫರನ ಎದುರು ಕೈ ಎಳೆದು ಹಚ್ಚಬೇಡ. ಬೇಡ ಎಂದು ಹೇರುವುದೂ ಬೇಕು ಎಂದು ಹೇರುವುದೂ ಅವರ ಪಾಲಿಗೆ ಒಂದೇ. ಬೇಕು ಅಂದರೆ, ಬೀಗರ ಮನೆಯವರೊಂದಿಗೆ ಮಾತಾಡಬೇಕಾದವರು ಅಮ್ಮ ಅಲ್ಲ, ನೀನು ಮತ್ತು ನೀನು ಮದುವೆಯಾಗುವ ಹುಡುಗ. ಅವನು ತನ್ನ ಮನೆಯ ಹಿರಿಯರಿಗೆ ‘ಅತ್ತೆಯವರೇ ಮೊದಲು ಹಚ್ಚಲಿ, ನನಗೆ ಅದೇ ಸಂತೋಷ’ ಎಂದು ಹೇಳಿದರೆ ಮುಕ್ಕಾಲು ಮಾತು ಅಲ್ಲೇ ಮುಗಿಯುತ್ತದೆ. ಫೋನು ಮಾಡಿದ ಹಿರಿಯರನ್ನು ಶತ್ರು ಮಾಡಿಕೊಳ್ಳಬೇಡಿ. ಅವರು ನಯವಾಗಿ ಹೇಳಿದ್ದಾರೆ ಅಂತ ಅಮ್ಮನೇ ಬರೆದಿದ್ದಾರೆ. ಅವರಿಗೂ ಯಾರೋ ಹಾಗೆಯೇ ಹೇಳಿಕೊಟ್ಟಿದ್ದಾರೆ. ಅವರನ್ನೇ ಆ ಸಂಜೆಗೆ ಕರೆದು ಎರಡನೆಯ ಬೊಟ್ಟು ಅವರಿಂದ ಇಡಿಸಿ.

ಕ್ರಮ ಏನು ಅಂತ ಕೇಳಿದರೆ ಹೀಗೆ ಮಾಡಬಹುದು. ಮನೆದೇವರಿಗೆ ದೀಪ ಹಚ್ಚಿ, ಅರೆದ ಮದರಂಗಿಯ ಬಟ್ಟಲನ್ನು ದೇವರ ಮುಂದಿಟ್ಟು, ಯಜಮಾನರ ಭಾವಚಿತ್ರಕ್ಕೆ ಒಂದು ಹೂವಿಟ್ಟು ನಮಸ್ಕಾರ ಮಾಡಿ. ಮಗಳು ನಿಮ್ಮ ಎಡ ಅಂಗೈಗೆ ಬೊಟ್ಟಿಡಲಿ. ಬಲಗೈ ಖಾಲಿಯಿರಬೇಕು, ಅದರಿಂದಲೇ ನೀವು ಅವಳಿಗೆ ಇಡಬೇಕಲ್ಲ. ಆಮೇಲೆ ಚಿತ್ರ ಬಿಡಿಸುವವರು ಕೋನು ಹಿಡಿದು ಬಳ್ಳಿಯೋ ನವಿಲೋ ಬಿಡಿಸಲಿ, ನಿಮ್ಮ ಆ ಬೊಟ್ಟನ್ನು ನಡುವೆ ಬಿಟ್ಟು ಬಿಡಿಸುವಂತೆ ಮೊದಲೇ ಹೇಳಿಡಿ.

ಇದೇ ವಿಷಯವಾಗಿ ಬಂದಿರುವ ಇನ್ನೆರಡು ಪ್ರಶ್ನೆಗಳಿಗೂ ಇಲ್ಲೇ ಉತ್ತರಿಸಿಬಿಡುತ್ತೇನೆ. ಮದರಂಗಿಯ ಕೈಯಲ್ಲಿ ಪೂಜೆ, ಮಡಿ ಆಗುತ್ತದೆಯೇ ಅಂತ ಮೈಸೂರಿನ ಓದುಗರು ಕೇಳಿದ್ದಾರೆ. ಧಾರಾಳವಾಗಿ ಆಗುತ್ತದೆ. ಒಣಗಿದ್ದನ್ನು ಉದುರಿಸಿದ ಮೇಲೆ ಚರ್ಮದ ಮೇಲೆ ಪದರವೇನೂ ಉಳಿಯುವುದಿಲ್ಲ, ಬಣ್ಣ ಚರ್ಮದ ಮೇಲುಪದರದೊಳಗೇ ಕೂಡಿಕೊಂಡಿರುತ್ತದೆ. ಸ್ನಾನಕ್ಕೂ ಆಚಮನಕ್ಕೂ ಅದು ಅಡ್ಡಿಯಲ್ಲ. ಎರಡನೆಯದು, ಬಣ್ಣ ಗಾಢವಾಗಿ ಬರದಿದ್ದರೆ ಅತ್ತೆಯ ಪ್ರೀತಿ ಕಡಿಮೆ ಎಂಬ ಮಾತು. ಇದು ಹುಡುಗಿಯರನ್ನು ಕಾಡಿಸಲು ಹುಟ್ಟಿದ ಚೇಷ್ಟೆ, ಎಷ್ಟೋ ಮದುಮಕ್ಕಳು ಇದನ್ನು ನಿಜವೆಂದು ನಂಬಿ ಅಳುತ್ತಾರೆ. ಅಂಗೈ, ಅಂಗಾಲಿನ ಚರ್ಮ ದಪ್ಪ, ಅಲ್ಲಿ ಬಣ್ಣ ಹೆಚ್ಚು ಹಿಡಿಯುತ್ತದೆ. ಸೊಪ್ಪು ತಾಜಾ ಇದ್ದು, ಹುಳಿ ಸೇರಿ, ಆರೆಂಟು ಗಂಟೆ ಕೈಯಲ್ಲಿದ್ದರೆ ಗಾಢವಾಗುತ್ತದೆ. ತೆಗೆದಾಗ ಕಿತ್ತಳೆ ಬಣ್ಣವಿದ್ದದ್ದು ಒಂದೆರಡು ದಿನದಲ್ಲಿ ತಾನಾಗಿ ಕಪ್ಪುಗೆಂಪಿಗೆ ತಿರುಗುತ್ತದೆ. ಆದ್ದರಿಂದ ಮುಹೂರ್ತಕ್ಕೆ ಬಣ್ಣ ಕಟ್ಟಬೇಕು ಎನ್ನುವವರು ಹಿಂದಿನ ಸಂಜೆಗೆ ಬೊಟ್ಟಿನ ಶಾಸ್ತ್ರವನ್ನು ಮಾತ್ರ ಇಟ್ಟುಕೊಂಡು, ಚಿತ್ರವನ್ನು ಎರಡು ದಿನ ಮುಂಚೆ ಬಿಡಿಸಿಕೊಳ್ಳಲಿ. ಆಗ ಅಂಗೈ ನಡುವಿನ ಜಾಗವನ್ನು ಬೊಟ್ಟಿಗೆಂದು ಖಾಲಿ ಬಿಡಿಸಿ. ಒಣಗುತ್ತಾ ಬಂದಾಗ ನಿಂಬೆರಸಕ್ಕೆ ಸಕ್ಕರೆ ಕರಗಿಸಿ ಹತ್ತಿಯಲ್ಲಿ ಮೆಲ್ಲಗೆ ಒತ್ತಿದರೆ ಉದುರುವುದಿಲ್ಲ.

ಹಸಿ ಸೊಪ್ಪು ಸಿಗದಿದ್ದರೆ ಒಳ್ಳೆಯ ಪುಡಿ ತಂದು ಮನೆಯಲ್ಲೇ ಕಲಸಿಕೊಳ್ಳಿ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಮೆಹಂದಿಗೆ 2021ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಆ ಪುಡಿ ಇಲ್ಲಿಯ ಅಂಗಡಿಗಳಲ್ಲೂ ಸಿಗುತ್ತದೆ. ‘ಬ್ಲ್ಯಾಕ್ ಮೆಹಂದಿ’ ಎಂದು ಅರ್ಧ ಗಂಟೆಯಲ್ಲಿ ಕಡುಕಪ್ಪು ಮಾಡುವ ಕೋನುಗಳನ್ನು ಮಾತ್ರ ಮದುಮಗಳ ಹತ್ತಿರಕ್ಕೂ ತರಬೇಡಿ. ಮದರಂಗಿ ಸೊಪ್ಪು ತಾನಾಗಿ ಹಾಗೆ ಕಪ್ಪಾಗುವುದಿಲ್ಲ. ಅಂಥ ಕೋನುಗಳಲ್ಲಿ ಎಷ್ಟೋ ಸಲ ಕೂದಲಿನ ಡೈಗೆ ಬಳಸುವ ಪಿಪಿಡಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ, ಕೆಲವರಿಗೆ ಅದರಿಂದ ಬೊಬ್ಬೆ ಎದ್ದು ಕಲೆ ಉಳಿದುಬಿಡುತ್ತದೆ. ಹಸುಗೂಸುಗಳ ಕೈಗೆ ಮಾತ್ರ ಯಾವ ಮದರಂಗಿಯೂ ಬೇಡ. ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಶುದ್ಧ ಸೊಪ್ಪಿನಿಂದಲೂ ರಕ್ತಕ್ಕೆ ತೊಂದರೆಯಾಗುತ್ತದೆ, ಆ ಕೊರತೆ ಇದೆಯೆಂದು ನೋಡಿದರೆ ತಿಳಿಯುವುದಿಲ್ಲ.